ಸುಣ್ಣದ ಎಂಟು

ಈ ಸಲವೂ ಲೈಸೆನ್ಸ್ ಸಿಗದಿದ್ದರೆ ಕೊರಿಯರ್ ಕೆಲಸ ಇನ್ನೊಬ್ಬನ ಪಾಲಾಗುತ್ತಿತ್ತು. ಆರ್‌ಟಿಒ ಮೈದಾನದಲ್ಲಿ ಬೈಕ್ ಮೇಲೆ ಕೂತವನು ಮತ್ತೆ ಮತ್ತೆ ಬ್ರೇಕ್ ಒತ್ತಿ ನೋಡುತ್ತಿದ್ದ.

“ಕೋಳಿ ಬುಟ್ಟಿ ಕಟ್ಟಿಕೊಂಡು ಸಂತೆಗೆ ಹೋಗಿಬರ್ತೀಯ, ಇಲ್ಲೇನೋ ಹೆದರಿಕೆ ನಿಂಗೆ?” ಅಂದಳು ಬೇಲಿಯಾಚೆ ನಿಂತಿದ್ದ ಅಕ್ಕ.

“ಕೋಳಿ ಫೇಲ್ ಮಾಡಲ್ವಲ್ಲಕ್ಕ.”

ಸುಣ್ಣದಲ್ಲಿ ಬರೆದ ಎಂಟರ ಮೇಲೆ ಕಾಲೂರದೆ ಒಂದು ಸುತ್ತು ಹಾಕಬೇಕಿತ್ತು. ಅರ್ಧ ಚೆನ್ನಾಗಿಯೇ ಆಯಿತು. ಇನ್‌ಸ್ಪೆಕ್ಟರ್ ಪೆನ್ನು ತೆಗೆದದ್ದು ಕಂಡಿತು. ಕಾಲು ತಾನಾಗಿಯೇ ನೆಲಕ್ಕೆ ಬಂತು.

“ಫೇಲ್. ನಿನ್ನಂಥವರನ್ನ ರೋಡಿಗೆ ಬಿಟ್ಟರೆ ಜನ ಸಾಯ್ತಾರೆ,” ಅಂದರು ಇನ್‌ಸ್ಪೆಕ್ಟರ್.

ಗೇಟಿನ ಹತ್ತಿರ ಅವನು ಬೈಕ್ ಸ್ಟಾರ್ಟ್ ಮಾಡಿದ. ಅಕ್ಕ ಹತ್ತುವ ಮೊದಲೇ ಇನ್‌ಸ್ಪೆಕ್ಟರ್ ಬ್ಯಾಗು ಹಿಡಿದು ಓಡಿಬಂದು ಹಿಂದೆ ಕೂತರು.

“ಬಸ್ ಸ್ಟ್ಯಾಂಡಿಗೆ ಬಿಡಪ್ಪ. ಸ್ವಲ್ಪ ಜೋರಾಗೇ ಓಡಿಸು, ಐದೂವರೆ ಬಸ್ ತಪ್ಪುತ್ತೆ.”