ಕಿವಿ ಮೇಸ್ತ್ರಿಯ ಕಾವಲು

ಡಾಕ್ಟರಮ್ಮ ಪಿಕಪ್‌ನಿಂದ ಇಳಿದು ಬಾಗಿಲು ಹಾಕುವಷ್ಟರಲ್ಲಿ ಮೇಸ್ತ್ರಿಯ ಹೆಂಡತಿ ಸ್ಟೂಲು ಎತ್ತಿಕೊಂಡು ಗ್ಯಾರೇಜಿಗೆ ಬಂದಾಗಿತ್ತು.

ಬರುತ್ತಾಳೆಂದು ಡಾಕ್ಟರಮ್ಮನಿಗೆ ಗೊತ್ತಿತ್ತು. ಬೀದಿಯವರು ಮೊದಲೇ ಹೇಳಿ ನಕ್ಕಿದ್ದರು. "ಮೇಸ್ತ್ರಿ ಕೆಲಸ ಚಿನ್ನ. ಆದ್ರೆ ಹೆಂಡ್ತಿ ಕಾವಲು ಇರ್ತಾರೆ, ಹುಷಾರು. ಅರವತ್ತು ದಾಟಿದ ಗಂಡನ್ನ ಯಾರು ಎತ್ಕೊಂಡು ಹೋಗ್ತಾರೋ, ದೇವರಿಗೇ ಗೊತ್ತು!"

ಊರಿಗೆಲ್ಲ ಅವರು ಕಿವಿ ಮೇಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ ಕಣ್ಣು ಕಿರಿದು ಮಾಡಿದರೆ ಮುಗಿಯಿತು, ರೋಗ ಸಿಕ್ಕಿತು ಅಂತಲೇ ಲೆಕ್ಕ.

"ಹೇಳಿ ಡಾಕ್ಟರಮ್ಮ, ಏನು ತೊಂದರೆ?"

ಡಾಕ್ಟರಮ್ಮ ದನ ಕುರಿಗಳಿಗೆ ಮದ್ದು ಕೊಡುವವಳು. ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆ ಹೋಗಬೇಕಾದರೆ ನಾಲ್ಕೂ ಚಕ್ರ ಎಳೆಯುವ ಈ ಮುದಿ ಪಿಕಪ್ಪೇ ಗತಿ. ಹಿಂದಿನ ಚಕ್ರಗಳಷ್ಟೇ ಎಳೆಯುವಾಗ ಗಾಡಿ ಸಾಧು. ಮುಂದಿನವನ್ನೂ ಸೇರಿಸಲು ಸಣ್ಣ ಗೇರ್ ಹಾಕಿದರೆ ಸಾಕು, ಹೊಟ್ಟೆಯೊಳಗೆ ಯಾರೋ ಸುತ್ತಿಗೆ ಹಿಡಿದು ಕೂತ ಹಾಗೆ ಟಕ್ ಟಕ್ ಟಕ್. ಎರಡು ಗ್ಯಾರೇಜಿನವರು ನೋಡಿ, ನಾಲ್ಕು ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಯೇ ಹೋಗಿದೆ, ಇಷ್ಟು ಹಳೆಯ ಗಾಡಿಗೆ ಅದು ಎಲ್ಲೂ ಸಿಗುವುದಿಲ್ಲ, ಗುಜರಿಗೆ ಹಾಕಿ ಎಂದಿದ್ದರು. ನಾಳೆ ಬೆಳಿಗ್ಗೆ ಗುಡ್ಡದಲ್ಲಿ ಮುನ್ನೂರು ಕುರಿಗಳಿಗೆ ಚುಚ್ಚುಮದ್ದು ಹಾಕಬೇಕು.

ಇಷ್ಟನ್ನು ಹೇಳಿ ಮುಗಿಸುವವರೆಗೆ ಮೇಸ್ತ್ರಿ ರೆಪ್ಪೆ ಹೊಡೆಯದೆ ಅವಳ ಮುಖವನ್ನೇ ನೋಡಿದರು. ಡಾಕ್ಟರಮ್ಮನಿಗೆ ಮುಜುಗರವಾಯಿತು. ಹೆಂಡತಿ ಕಾವಲು ಕೂರುವುದರಲ್ಲಿ ತಪ್ಪಿಲ್ಲ ಅನ್ನಿಸಿತು.

"ಗುಜರಿ ಮಾತು ಆಮೇಲೆ," ಎಂದರು ಮೇಸ್ತ್ರಿ. "ಮೊದ್ಲು ಕೇಳೋಣ."

ಜಾಕ್ ಹಾಕಿ ನಾಲ್ಕೂ ಚಕ್ರಗಳನ್ನು ನೆಲದಿಂದ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್‌ಗಳನ್ನು ಕೊಟ್ಟರು. ಡಾಕ್ಟರಮ್ಮ ಸ್ಟೀರಿಂಗ್ ಹಿಡಿದು ಕೂತಳು. ಮೇಸ್ತ್ರಿ ಗಾಡಿಯಡಿಗೆ ನುಸುಳಿ ಮಲಗಿ ಸ್ಕ್ರೂಡ್ರೈವರನ್ನು ಕಿವಿಗಿಟ್ಟುಕೊಂಡರು. ಹೆಂಡತಿ ಸ್ಟೂಲನ್ನು ಸರಕ್ಕನೆ ಎಳೆದು, ಗಂಡನ ಮುಖ ನೇರ ಕಾಣುವ ಕಡೆ ಹಾಕಿಕೊಂಡು, ಅರ್ಧ ಹೆಣೆದ ಸ್ವೆಟರನ್ನು ತೊಡೆಯ ಮೇಲೆ ಹರಡಿದಳು.

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ನಿಮ್ಮ ಯಜಮಾನರನ್ನ ನಾನು ಕದ್ಕೊಂಡು ಹೋಗಲ್ಲ. ಗಾಡಿ ಸರಿಯಾದ್ರೆ ಸಾಕು."

"ಕದ್ಕೊಂಡು ಹೋದ್ರೂ ಉಪಯೋಗ ಇಲ್ಲ ಬಿಡಿ," ಎಂದಳು ಆಕೆ. "ಒಬ್ರೇ ಇದ್ರೆ ಅವರು ಅರ್ಧ ಮೇಸ್ತ್ರಿ."

ಎಂಜಿನ್ ಶುರುವಾಯಿತು. ಹಿಂದಿನ ಚಕ್ರಗಳು ಸದ್ದಿಲ್ಲದೆ ತಿರುಗಿದವು. ಡಾಕ್ಟರಮ್ಮ ಸಣ್ಣ ಗೇರ್ ಎಳೆದಳು. ಟಕ್ ಟಕ್ ಟಕ್. ಪಕ್ಕದ ಕನ್ನಡಿಯಲ್ಲಿ ನೋಡಿದರೆ ಯಜಮಾನತಿಯ ಹೆಣಿಗೆ ಕಡ್ಡಿಗಳು ಸಿಟ್ಟು ಬಂದವರ ಹಾಗೆ ಟಕ್ ಟಕ್ ಕುಣಿಯುತ್ತಿದ್ದವು. ಮೇಸ್ತ್ರಿ ನೋಡುತ್ತಿದ್ದದ್ದು ಗಾಡಿಯನ್ನಲ್ಲ, ಹೆಂಡತಿಯನ್ನು. ಪಾಪ, ಗಾಡಿಯಡಿ ನುಗ್ಗಿದರೂ ಬಿಡುಗಡೆಯಿಲ್ಲ!

"ಎಂಜಿನ್ ಆರಿಸಿ," ಎಂದಳು ಹೆಂಡತಿ.

ಮೇಸ್ತ್ರಿ ಪೆಟ್ಟಿಗೆಯಿಂದ ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟಿನ ಬೋಲ್ಟುಗಳನ್ನು ಬಿಚ್ಚಿ ಅದನ್ನು ಪೂರ್ತಿ ಕೆಳಗಿಳಿಸಿದರು. ಡಾಕ್ಟರಮ್ಮ ಇಳಿದು ಬಂದು ಅವರ ತಲೆಯ ಹಿಂದೆ ನಿಂತು ಕೇಳಿದಳು, "ಅದನ್ಯಾಕೆ ತೆಗೀತಿದೀರಿ?"

ಮೇಸ್ತ್ರಿ ತುಟಿ ಪಿಟ್ಟೆನ್ನಲಿಲ್ಲ. ಉತ್ತರ ಸ್ಟೂಲಿನ ಕಡೆಯಿಂದ ಬಂತು. "ನನ್ನ ಕೇಳಿ, ಹೇಳ್ತೀನಿ. ಶಾಫ್ಟ್ ಇಲ್ದೆ ಅದೇ ಗೇರ್ ಹಾಕಿ ನೋಡೋದು. ಆಗ್ಲೂ ಸದ್ದು ಬಂದ್ರೆ ಪೆಟ್ಟಿಗೆ ಕಳ್ಳ. ಬರ್ದಿದ್ರೆ ಪೆಟ್ಟಿಗೆ ಸಾಚಾ."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮೇಸ್ತ್ರಿಯ ಫೋನೇ. ಅದೂ ಆಕೆಯ ಸೊಂಟದಲ್ಲಿತ್ತು, ಮಾತೂ ಆಕೆಯದೇ. ಗಂಡನ ಫೋನ್ ಕೂಡ ಕೈಗೆ ಕೊಡುವುದಿಲ್ಲವಲ್ಲ, ಎಂಥ ಗಟ್ಟಿಗಿತ್ತಿ! ಡಾಕ್ಟರಮ್ಮ ಮನಸ್ಸಿನಲ್ಲೇ ಕೈ ಮುಗಿದಳು.

ಮತ್ತೆ ಎಂಜಿನ್. ಮತ್ತೆ ಅದೇ ಗೇರ್. ಈ ಸಲ ಟಕ್ ಇಲ್ಲ, ಟಿಕ್ ಇಲ್ಲ. ಕಡ್ಡಿಗಳು ಗಪ್ಪನೆ ನಿಂತವು. ಗಾಡಿಯಡಿಯಿಂದ ಮೇಸ್ತ್ರಿಯ ಗೆಲುವಿನ ದನಿ ಎಲ್ಲರ ಎದೆ ನಡುಗುವಷ್ಟು ಜೋರಾಗಿ ಬಂತು. "ಪೆಟ್ಟಿಗೆಗೆ ಏನೂ ಆಗಿಲ್ಲ!"

ಶಾಫ್ಟನ್ನು ತೊಡೆಯ ಮೇಲಿಟ್ಟು ಅದರ ಗೆಣ್ಣನ್ನು ಮೆಲ್ಲಗೆ ಮಡಿಸಿದರು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಒಳಗಿನ, ಕೂಡು ಚಿಹ್ನೆಯ ಆಕಾರದ ಕ್ರಾಸಿನ ಬಾಯಿಂದ ಕೆಂಪು ತುಕ್ಕಿನ ಪುಡಿ ಉದುರಿತು. "ನೋಡಿ, ಅಂಗೈ ಅಗಲದ ಕ್ರಾಸು. ಗ್ರೀಸ್ ಇಲ್ದೆ ಒಣಗಿ ಸತ್ತಿದೆ. ಇದಕ್ಕೆ ಇಡೀ ಗಾಡೀನೇ ಗುಜರಿಗೆ ಹಾಕ್ತಿದ್ರಲ್ಲ. ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗೆ!"

ಮಧ್ಯಾಹ್ನದ ಹೊತ್ತಿಗೆ ಹೊಸ ಕ್ರಾಸ್ ಕೂತಿತು, ಗ್ರೀಸ್ ಏರಿತು. ಡಾಕ್ಟರಮ್ಮ ಊರಾಚೆಯ ಏರಿನಲ್ಲಿ ನಾಲ್ಕೂ ಚಕ್ರ ಹಾಕಿ ಹತ್ತಿಸಿದಳು. ಗಾಡಿ ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ತಣ್ಣಗೆ ಹತ್ತಿತು. ಸ್ಟೀರಿಂಗಿಗೆ ಮುತ್ತು ಕೊಡುವುದೊಂದು ಬಾಕಿ.

ವಾಪಸು ಬಂದಾಗ ಗ್ಯಾರೇಜಿನ ಅಂಗಳದಲ್ಲಿ ಮೇಸ್ತ್ರಿ ಒಬ್ಬರೇ ಇದ್ದರು. ಗೇಟಿಗೆ ಬೆನ್ನು ಹಾಕಿ, ದಾರಿಯ ನಟ್ಟನಡುವೆ ನಿಂತು ಕೈ ಒರೆಸಿಕೊಳ್ಳುತ್ತಿದ್ದರು. ಅಪರೂಪಕ್ಕೆ ಕಾವಲು ಇರಲಿಲ್ಲ. ಡಾಕ್ಟರಮ್ಮ ಖುಷಿಗೆ ಒಂದು ಹಾರ್ನ್ ಹೊಡೆದಳು.

ಮೇಸ್ತ್ರಿ ತಿರುಗಲಿಲ್ಲ.

ಇನ್ನೊಂದು ಹೊಡೆದಳು, ಉದ್ದಕ್ಕೆ. ತಗಡಿನ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ಮೇಸ್ತ್ರಿ ಬೆರಳ ಸಂದಿಯ ಗ್ರೀಸನ್ನು ನಿಧಾನವಾಗಿ ತೆಗೆಯುತ್ತಲೇ ಇದ್ದರು. ಡಾಕ್ಟರಮ್ಮ ಒದ್ದು ಬ್ರೇಕ್ ಹಿಡಿದಳು. ಬಂಪರಿಗೂ ಅವರ ಬೆನ್ನಿಗೂ ಒಂದು ಮೊಳ ಉಳಿಯಿತು.

ಒಳಗಿನಿಂದ ಹೆಂಡತಿ ಓಡಿ ಬಂದಳು. ಕೂಗಲಿಲ್ಲ. ಸುತ್ತು ಹಾಕಿ ಗಂಡನ ಎದುರಿಗೆ ಹೋಗಿ, ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಆಗ ತಿರುಗಿ ನೋಡಿದ ಮೇಸ್ತ್ರಿ ಹಲ್ಲು ಕಿರಿದು, "ಹೇಗಿದೆ ಡಾಕ್ಟರಮ್ಮ, ಸದ್ದು ಹೋಯ್ತಾ?" ಎಂದರು. ಡಾಕ್ಟರಮ್ಮ ತಲೆಯಾಡಿಸಿದಳು.

ಹೆಂಡತಿ ಗಾಡಿಯ ಕಿಟಕಿಗೆ ಬಂದಳು. ಗಂಡನಿಗೆ ಬೆನ್ನು ಮಾಡಿ ನಿಂತಳು.

"ನಿಮ್ಮ ಹೊಟ್ಟೇಲೇ ಇರ್ಲಿ, ಡಾಕ್ಟರಮ್ಮ. ಆರು ವರ್ಷದಿಂದ ಕೈ ಅವರದ್ದು, ಕಿವಿ ನಂದು."