ಒಂದು ಹಲ್ಲು ಹಿಂದೆ

"ನಾನು ಹೋಗೋವರೆಗೂ ಅವರಿಬ್ಬರನ್ನ ಯಾರೂ ಮುಟ್ಟಬಾರದು! ಕೇಳಿಸ್ತಾ ಅಣ್ಣಾ? ನೀವೂ ಅಲ್ಲಿಗೆ ಬರಬೇಡಿ, ನಿಮ್ಮ ಹುಡುಗರೂ ಬರೋದು ಬೇಡ. ರಕ್ಷಿತಾ ನನ್ನ ಮಗಳು. ಆ ಸಿದ್ದು ವಿಷಯ ನನಗೆ ಬಿಟ್ಬುಡಿ."

ಕಾರಿನ ಮಾಲೀಕರು ಫೋನಿನಲ್ಲಿ ಕೂಗಿದ ಈ ಮಾತಿಗೆ, ಬಾನೆಟ್‌ನೊಳಗೆ ತಲೆ ಹಾಕಿದ್ದ ಧರಣಿಯ ಕೈಯಲ್ಲಿ ಸ್ಪ್ಯಾನರ್ ನಿಂತುಹೋಯಿತು.

ಹೂಟಗಳ್ಳಿಯ ಅವಳ ಶೆಡ್‌ಗೆ ಆ ಕಾರನ್ನು ಹಿಂದಿನ ದಿನ ಯಾರೋ ಡ್ರೈವರ್ ಎಳೆಸಿಕೊಂಡು ಬಂದಿದ್ದ. ವಾಲ್ವ್‌ಗಳನ್ನೂ ಪಿಸ್ಟನ್‌ಗಳನ್ನೂ ಒಂದೇ ತಾಳದಲ್ಲಿ ಓಡಿಸುವ ಟೈಮಿಂಗ್ ಚೈನ್ ಸಡಿಲವಾಗಿ ಚಕ್ರದ ಹಲ್ಲು ಜಾರಿತ್ತು. ಪುಣ್ಯಕ್ಕೆ ವಾಲ್ವ್‌ಗಳು ಬಾಗಿರಲಿಲ್ಲ. ಧರಣಿ ಹೊಸ ಚೈನ್, ಅದನ್ನು ಬಿಗಿ ಹಿಡಿಯುವ ಹೊಸ ಟೆನ್ಷನರ್ ಹಾಕಿದ್ದಳು. ಮಾಲೀಕರನ್ನು ನೋಡಿದ್ದು ಇವತ್ತೇ. ಹಣೆಯ ತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಾಯಿ ತೆರೆದರೆ ಬೈಗುಳ. "ಗಂಡಸರು ಯಾರೂ ಇಲ್ವಾ ಇಲ್ಲಿ?" ಎಂಬುದೇ ಅವರ ಮೊದಲ ಮಾತು. ಸದಾಶಿವಯ್ಯ, ಕುಂಬಾರಕೊಪ್ಪಲು. ಹೆಸರು ಬರೆದುಕೊಂಡಾಗಲೂ ಅವಳಿಗೆ ಹೊಳೆದಿರಲಿಲ್ಲ.

ಈಗ ಹೊಳೆಯಿತು. ಸಿದ್ದು ಅವಳ ತಮ್ಮ. ಹನ್ನೆರಡು ಗಂಟೆಗೆ ಅವನಿಗೂ ರಕ್ಷಿತಾಳಿಗೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ. ಜಾತಿ ಬೇರೆ ಎಂದು ಹುಡುಗಿಯ ಮನೆಯವರು ಮೂರು ತಿಂಗಳಿಂದ ಕುದಿಯುತ್ತಿದ್ದರು. ಒಮ್ಮೆ ಅವನು ಕೆಲಸ ಮಾಡುವ ಹೆಬ್ಬಾಳದ ಫ್ಯಾಕ್ಟರಿ ಗೇಟಿನಲ್ಲೇ, ಶಿಫ್ಟು ಬಿಡುವ ಹೊತ್ತಿಗೆ, ಸಿದ್ದುವಿನ ಅಂಗಿ ಹರಿದು ಕಳಿಸಿದ್ದರು. ಧರಣಿ ಹನ್ನೊಂದೂವರೆಗೆ ಶೆಡ್ ಮುಚ್ಚಿ ಮದುವೆಗೆ ಹೊರಡುವವಳಿದ್ದಳು.

ಆಗ ಗಂಟೆ ಹತ್ತೂಮುಕ್ಕಾಲು. ಎಂಜಿನ್ ಸಿದ್ಧವಾಗಿತ್ತು. ಮೊದಲ ಪಿಸ್ಟನ್ ನೆತ್ತಿಗೆ ಬಂದು ನಿಂತಿತ್ತು. ಕ್ಯಾಮ್ ಚಕ್ರಗಳ ಗುರುತು, ಚೈನಿನ ಬಣ್ಣದ ಕೊಂಡಿ, ಎರಡೂ ಎದುರುಬದುರು; ಜೋಡಣೆ ಸರಿಯಾಗಿತ್ತು. ಕವರ್ ಮುಚ್ಚಿದರೆ ಅರ್ಧ ಗಂಟೆಯಲ್ಲಿ ಕಾರು ರಸ್ತೆಗೆ ಇಳಿಯುತ್ತಿತ್ತು.

"ಅಷ್ಟು ಅವಸರ ಇದ್ರೆ ಆಟೋದಲ್ಲಿ ಹೋಗಿ ಸಾರ್," ಎಂದಳು, ಅವರ ಮನಸ್ಸು ತಿಳಿಯಲು.

"ಆಟೋದಲ್ಲಿ ಆಗೋ ಕೆಲಸ ಅಲ್ಲ. ಇಬ್ಬರನ್ನೂ ಈ ಕಾರಲ್ಲೇ ಹಾಕ್ಕೊಂಡು ಬರಬೇಕು. ಮನೆ ಮುಟ್ಟೋವರೆಗೂ ಬಾಗಿಲು ತೆಗೆಯಲ್ಲ."

"ಯಾರನ್ನ ಸಾರ್?"

"ನಮ್ಮನೆ ವಿಷಯ ನಿನಗ್ಯಾಕಮ್ಮ? ಕೆಲಸ ನೋಡು."

ಶೆಡ್ಡಿನ ಹಿಂದಕ್ಕೆ ಹೋಗಿ ಧರಣಿ ತಮ್ಮನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಬೆದರಿಕೆ ಕರೆಗಳ ಕಾಟಕ್ಕೆ ಬೆಳಿಗ್ಗೆಯೇ ಆಫ್ ಮಾಡಿದ್ದ. ರಕ್ಷಿತಾಳ ಫೋನನ್ನಂತೂ ಅವಳ ದೊಡ್ಡಪ್ಪ ಕಿತ್ತುಕೊಂಡು ತಿಂಗಳಾಗಿತ್ತು.

ಅವಳು ವಾಪಸು ಬಂದು ಟೆನ್ಷನರ್ ಸಡಿಲಿಸಿದಳು. ಚೈನ್ ಎತ್ತಿ ಒಂದು ಹಲ್ಲು ಹಿಂದಕ್ಕೆ ಕೂರಿಸಿದಳು. ಹನ್ನೊಂದು ವರ್ಷದ ಕೆಲಸದಲ್ಲಿ ಬೇಕೆಂದೇ ತಪ್ಪು ಮಾಡಿದ್ದು ಅದೇ ಮೊದಲು.

"ಇಲ್ಲಿ ನೋಡಿ. ಗುರುತು ಒಂದು ಹಲ್ಲು ಹಿಂದಿದೆ. ಹೀಗೇ ಸ್ಟಾರ್ಟ್ ಮಾಡಿದ್ರೆ ವಾಲ್ವು ಪಿಸ್ಟನ್ನಿಗೆ ಬಡಿಯಬಹುದು. ಆಮೇಲೆ ಎಂಜಿನ್ನೇ ಹೋಗುತ್ತೆ."

"ನಿನ್ನೆಯಿಂದ ಏನು ಕಿಸಿದೆ ಹಾಗಾದ್ರೆ? ಬೇರೆ ಗ್ಯಾರೇಜಿಗೆ ತಗೊಂಡು ಹೋಗ್ಲಾ?"

"ತಗೊಂಡು ಹೋಗಿ. ತಳ್ಕೊಂಡು."

ಸದಾಶಿವಯ್ಯ ಶೆಡ್ಡಿನ ಉದ್ದಕ್ಕೂ ಓಡಾಡತೊಡಗಿದರು.

ಧರಣಿ ಮತ್ತೆ ಚೈನ್ ಬಿಚ್ಚಿದಳು. ಗುರುತು ಕೂಡಿಸಿದಳು. ಎಂಜಿನ್ನಿನ ಕ್ರ್ಯಾಂಕ್ ದಂಡವನ್ನು ಕೈಯಿಂದಲೇ ಎರಡು ಸುತ್ತು, ಗೇಣುಗೇಣಾಗಿ ತಿರುಗಿಸಿದಳು. ಇನ್ನೂ ಸರಿಯಿಲ್ಲವೆಂದು ತಲೆಯಾಡಿಸಿ ಮತ್ತೆ ಬಿಚ್ಚಿದಳು. ಹನ್ನೊಂದೂವರೆ ದಾಟಿತು.

ಸದಾಶಿವಯ್ಯ ಫೋನಿನಲ್ಲಿ ರಿಜಿಸ್ಟ್ರಾರ್ ಕಚೇರಿಯ ಯಾರೋ ಗುಮಾಸ್ತರನ್ನು ಹಿಡಿದಿದ್ದರು. "ನಾನು ಬರೋವರೆಗೂ ಅವರ ಹೆಸರು ಕೂಗಬೇಡಿ ಸ್ವಾಮಿ. ನಾನು ಕೈ ಹಾಕದೆ ಅದು ಮುಗಿಯಲ್ಲ."

ಆ ಮಾತಿಗೆ ಧರಣಿಯ ಅಳಿದುಳಿದ ಅಳುಕೂ ಹೋಯಿತು. ಈ ಮನುಷ್ಯ ಇಲ್ಲಿಂದ ಕದಲಬಾರದು.

ಹನ್ನೆರಡಕ್ಕೆ ಅವರು ತಾಳ್ಮೆಗೆಟ್ಟು ರಸ್ತೆಗೆ ನಡೆದು ಆಟೋಕ್ಕೆ ಕೈ ತೋರಿಸಿದರು.

"ಮುಗೀತು ಸಾರ್! ಕವರ್ ಒಂದೇ ಬಾಕಿ. ಹತ್ತೇ ನಿಮಿಷ."

ಅವರು ಕಾರನ್ನೊಮ್ಮೆ, ಆಟೋವನ್ನೊಮ್ಮೆ ನೋಡಿ ಹಿಂದಿರುಗಿದರು. "ಸುಳ್ಳಾದ್ರೆ ನಿನ್ನ ಶೆಡ್ಡಿಗೆ ಬೀಗ ಹಾಕಿಸ್ತೀನಿ."

ಹತ್ತು ನಿಮಿಷ ಇಪ್ಪತ್ತಾಯಿತು, ಮೂವತ್ತಾಯಿತು. ಕವರು ಮುಚ್ಚಲೇ ಇಲ್ಲ. ಈ ಹೊತ್ತಿಗೆ ಸಹಿ ಬಿದ್ದಿರುತ್ತದೆ, ಮಾಲೆಯೂ ಆಗಿರುತ್ತದೆ ಎಂದು ಲೆಕ್ಕ ಹಾಕಿ ಧರಣಿ ಸ್ಪ್ಯಾನರ್ ಕೆಳಗಿಟ್ಟಳು. ಕೈ ಒರೆಸಿಕೊಂಡು, ಮೊದಲ ಬಾರಿಗೆ ಅವರ ಕಣ್ಣಲ್ಲಿ ಕಣ್ಣಿಟ್ಟಳು.

"ಸಿದ್ದು ನನ್ನ ತಮ್ಮ ಕಣ್ರೀ. ಎಂಜಿನ್ ಹತ್ತೂಮುಕ್ಕಾಲಿಗೇ ರೆಡಿಯಾಗಿತ್ತು. ಈಗ ಎಲ್ಲಿಗೆ ಬೇಕಾದ್ರೂ ಹೋಗಿ."

ಬೈಗುಳಕ್ಕೆ ಅವಳು ಸಿದ್ಧಳಿದ್ದಳು. ಹೊಡೆದರೆ ತಡೆಯಲೂ ಸಿದ್ಧಳಿದ್ದಳು. ಸದಾಶಿವಯ್ಯ ಎರಡನ್ನೂ ಮಾಡಲಿಲ್ಲ. ಪಕ್ಕದ ಟೈರಿನ ಮೇಲೆ ಕುಸಿದು ಕೂತರು. ಬಿಳಿ ಅಂಗಿಗೆ ಗ್ರೀಸ್ ಮೆತ್ತಿದ್ದೂ ಗೊತ್ತಾಗಲಿಲ್ಲ.

"ಏನಮ್ಮ ಮಾಡಿಬಿಟ್ಟೆ..." ಎಂದರು.

ಫೋನ್ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಸದಾಶಿವಯ್ಯ ಸ್ಪೀಕರ್ ಒತ್ತಿದರು.

"ಅಪ್ಪಾಜಿ, ಎಲ್ಲಿದ್ದೀರಿ? ಸಾಕ್ಷಿ ಸಹಿ ನಾನೇ ಹಾಕ್ತೀನಿ ಅಂದಿದ್ರಿ, ನಿಮಗೋಸ್ಕರ ಇನ್ನೂ ಹೊರಗೇ ಕಾಯ್ತಾ ಇದ್ವಿ, ದೊಡ್ಡಪ್ಪನ ಹುಡುಗರು ಬಂದು ಸಿದ್ದೂನ ಎಳ್ಕೊಂಡು ಹೋದ್ರು!"