ಬೆಚ್ಚಗಿನ ಕುರ್ಚಿ

ಮೂರು ದಿನ ಮೈಯ ಬಿಸಿ ತಾಗದ ಕುರ್ಚಿಯನ್ನು ಕಚೇರಿಯ ನೆಲವೇ ಒಳಗೆಳೆದುಕೊಂಡು, ಆ ಜಾಗವನ್ನು ಕೆಲಸ ಕಲಿತ ಯಂತ್ರಗಳಿಗೆ ಕೊಟ್ಟುಬಿಡುತ್ತಿತ್ತು. ಕುರ್ಚಿ ಹೋದರೆ ನೌಕರಿಯೂ ಹೋದ ಹಾಗೆಯೇ. ಹುಬ್ಬಳ್ಳಿಯ ಆ ಕಚೇರಿಯಲ್ಲಿ ಇದಕ್ಕೆ ಯಾರೂ ಬೆರಗಾಗುತ್ತಿರಲಿಲ್ಲ.

ಕಸ ಗುಡಿಸುವ ಹುಸೇನಬಿ ಮಾತ್ರ, ಬಾಣಂತನಕ್ಕೆ ಹೋದ ಸುನಂದಾಳ ಕುರ್ಚಿಯ ಮೇಲೆ ದಿನವೂ ಬಿಸಿ ಅನ್ನದ ಡಬ್ಬಿ ಇಡುತ್ತಿದ್ದಳು. ನೆಲ ಅದನ್ನು ಮನುಷ್ಯರ ಮೈಯೆಂದೇ ತಿಳಿದು ಸುಮ್ಮನಿತ್ತು.

ನಲವತ್ತನೆಯ ದಿನ, ಖಾಲಿ ಕುರ್ಚಿಗಳ ಪಟ್ಟಿ ಮಾಡುವ ಇಟಗಿ ಸಾಹೇಬರು ಬಂದು ಡಬ್ಬಿಯನ್ನು ಎತ್ತಿ ನೋಡಿದರು.

"ಏನವ್ವಾ, ಸುನಂದಾ ಇಷ್ಟು ಸಣ್ಣಗ ಆಗ್ಯಾಳೇನು?"

"ಬಾಣಂತಿ ಅದಾಳ್ರಿ ಸಾಹೇಬ್ರ. ಇನ್ನೈವತ್ತು ದಿನಕ್ಕ ಬರ್ತಾಳ. ಕೂಸಿನ ಮುಖ ನೋಡಿ ಈ ಸಲ ಬಿಟ್ಟುಬಿಡ್ರಿ."

ಸಾಹೇಬರು ಡಬ್ಬಿಯನ್ನು ಇದ್ದಲ್ಲೇ ಇಟ್ಟರು. "ಮಧ್ಯಾಹ್ನಕ್ಕ ಆರಂಗಿಲ್ಲೇನು ಇದು?"

"ಆವಾಗ ಚಹಾದ ಕಿಟ್ಲಿ ಇಡ್ತೀನ್ರಿ."

ಅವರು ಪಟ್ಟಿಯಲ್ಲಿ 'ಕೂತಿದ್ದಾಳೆ' ಎಂದು ಬರೆದುಕೊಂಡರು. ಬಾಗಿಲ ತನಕ ಹೋದವರು ತಿರುಗಿ ನಿಂತರು.

"ಅವ್ವಾ, ನಾಳೆಯಿಂದ ಒಂದು ವಾರ ನಾ ಬೆಳಗಾವಿ ಕಚೇರಿಗೆ ಹೋಗಬೇಕು. ನನ್ನ ಕುರ್ಚಿ ಮ್ಯಾಲಿನ ಮಹಡಿಯಾಗೈತಿ, ಕಿಟಕಿ ಪಕ್ಕ."

ಮರುದಿನ ಹುಸೇನಬಿ ಮನೆಯಿಂದ ಎರಡು ಡಬ್ಬಿ ತಂದಳು.